ಹನ್ನೊಂದು ಚುಕ್ಕಿಯ ಸಹಿ

ಇಪ್ಪತ್ತು ವರ್ಷ ಬ್ಯಾಂಕಿಗೆ ಹೋದಾಗಲೆಲ್ಲ ನಾನು ಕನ್ನಡಕ ಮರೆತು ಹೋಗಿದ್ದೇನೆ. ಪಿರಿಯಾಪಟ್ಟಣದಲ್ಲಿ ಮರೆತಿದ್ದೇನೆ, ಹುಣಸೂರಿನಲ್ಲಿ ಮರೆತಿದ್ದೇನೆ, ಕೆ.ಆರ್. ನಗರದಲ್ಲಿ, ಎಚ್.ಡಿ. ಕೋಟೆಯಲ್ಲಿ ಮರೆತಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಕನ್ನಡಕವೇ ಇರಲಿಲ್ಲ. ಕಣ್ಣು ಹದ್ದಿನ ಕಣ್ಣಿನ ಹಾಗಿತ್ತು. ಓದಲು ಬರುತ್ತಿರಲಿಲ್ಲ.

ನಮ್ಮೂರು ಬೆಟ್ಟದಪುರದ ಮಗ್ಗುಲಲ್ಲಿದೆ. ಹೆಂಗಸರ ಮೀಸಲು ಬಂದಾಗ ನನ್ನನ್ನು ಪಂಚಾಯಿತಿಗೆ ನಿಲ್ಲಿಸಿದವರು ಗಂಡನ ಮನೆಯವರು. ಗೆದ್ದ ಮೇಲೆ ಇವಳು ಒಲೆ ಮುಂದೆ ಇರುತ್ತಾಳೆ, ಮೀಟಿಂಗಿಗೆ ನಾವು ಹೋಗೋಣ ಎಂದು ಅವರ ಯೋಚನೆ. ಮೊದಲ ಮೀಟಿಂಗಿಗೆ ನಾನೇ ಹೋಗಿ ಕುರ್ಚಿಯಲ್ಲಿ ಕೂತೆ. ಕಾರ್ಯದರ್ಶಿ ಗಂಡಸರ ಮುಂದೆಲ್ಲ ಪೆನ್ನು ಇಟ್ಟ, ನನ್ನ ಮುಂದೆ ಮಸಿಯ ಪ್ಯಾಡು ತಳ್ಳಿದ. ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡೆ. ಆ ನೀಲಿ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಆ ಸೀರೆಯನ್ನು ಆಮೇಲೆ ಕೊಟ್ಟಿಗೆ ಕೆಲಸಕ್ಕೆ ಇಟ್ಟುಕೊಂಡೆ.

ಶಾಲೆ ಮೇಷ್ಟರ ಹತ್ತಿರ ನನ್ನ ಹೆಸರು ಬರೆಸಿಕೊಂಡು ಬಂದೆ. ನೋಡಿಕೊಂಡು ಬರೆಯಲು ಕೈ ತಿರುಗಲಿಲ್ಲ. ಆದರೆ ರಂಗೋಲಿಗೆ ನನ್ನ ಕೈ ಚೆನ್ನಾಗಿತ್ತು. ಮೇಷ್ಟರು ಬರೆದದ್ದರ ಮೇಲೆ ಎಲ್ಲೆಲ್ಲಿ ಗೆರೆ ತಿರುಗುತ್ತದೋ ಅಲ್ಲಲ್ಲಿ ಚುಕ್ಕಿ ಇಟ್ಟು ನೋಡಿದೆ. ಒಂಬತ್ತು ಚುಕ್ಕಿ ಬಂತು. ಬಾಗಿಲ ಮುಂದೆ ಒಂಬತ್ತು ಚುಕ್ಕಿ ಇಟ್ಟು ಎಳೆ ಎಳೆದೆ. ಒಂದು ವಾರದಲ್ಲಿ ಹೆಸರು ಕೈಗೆ ಬಂತು. ಮುಂದಿನ ಮೀಟಿಂಗಿನಲ್ಲಿ ಕಾರ್ಯದರ್ಶಿಯ ಜೇಬಿನಿಂದ ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ.

ಅಲ್ಲಿಂದ ನಮ್ಮೂರ ಮಹಿಳಾ ಸಂಘದ ಹೆಂಗಸರಿಗೆಲ್ಲ ಸಹಿ ಕಲಿಸಿದೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಲೆಕ್ಕ. ಕೊನೆಗೆ ಚುಕ್ಕಿಯ ಲೆಕ್ಕವೇ ಅವರ ಹೆಸರಾಯಿತು. ಹದಿಮೂರು ಚುಕ್ಕಿ ನೀರಿಗೆ ಬಂದಳು, ಏಳು ಚುಕ್ಕಿಗೆ ಸೊಸೆ ಬಂದಳು ಎಂದು ಮಾತಾಡುತ್ತಿದ್ದೆವು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ನನ್ನ ಗೆಳತಿ ಹನ್ನೊಂದು ಚುಕ್ಕಿ. ಅವಳು ಗಂಡ ಇಲ್ಲದವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಈ ಕಥೆ ಅವಳದು.

ಒಂದು ಸಲ ಸಾಕ್ಷರತೆ ಇಲಾಖೆಯ ದೊಡ್ಡವರು ಬಂದು ಸಂಘಕ್ಕೆ ಒಂದು ಬೋರ್ಡು ಕೊಟ್ಟರು. ಎಲ್ಲರೂ ಸಹಿ ಹಾಕುವುದನ್ನು ನೋಡಿ ಸಂಪೂರ್ಣ ಸಾಕ್ಷರ ಸಂಘ ಎಂದು ಬರೆಸಿದ್ದರು. ಬೋರ್ಡು ಹಿಡಿಸಿ ನನ್ನ ಫೋಟೋ ತೆಗೆದರು. ಅದರಲ್ಲಿ ಬರೆದದ್ದನ್ನು ಓದಲು ಸಂಘದಲ್ಲಿ ಒಬ್ಬಳಿಗೂ ಬರುತ್ತಿರಲಿಲ್ಲ. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ತಾಲ್ಲೂಕು ಪಂಚಾಯಿತಿಗೆ ನಿಂತಾಗ ಆ ಫೋಟೋವನ್ನೇ ಪಾಂಪ್ಲೆಟ್ಟಿಗೆ ಹಾಕಿಸಿದೆ. ಗೆದ್ದೆ.

ರಾಜಕೀಯದವರಿಗೆ ರಸ್ತೆ, ಚರಂಡಿ, ಬೋರ್‌ವೆಲ್ಲು ಅಂಟಿಕೊಳ್ಳುತ್ತವೆ. ನನಗೆ ಬ್ಯಾಂಕು ಅಂಟಿಕೊಂಡಿತು. ಮೊದಲು ನಮ್ಮೂರ ಮುದುಕಿಯೊಬ್ಬಳ ಪಿಂಚಣಿಯಲ್ಲಿ ಏನೋ ಮುರಿದುಕೊಂಡಿದ್ದರು. ಅವಳ ಜೊತೆ ಹೋದೆ. ಮ್ಯಾನೇಜರು ಒಂದು ಕಾಗದ ತೋರಿಸಿ ನೀವೇ ಓದಿಕೊಳ್ಳಿ ಎಂದರು. ಕನ್ನಡಕ ಮರೆತು ಬಂದಿದ್ದೇನೆ, ನೀವೇ ಓದಿ ಹೇಳಿ ಎಂದೆ. ಓದಿದರು. ಕುದುರೆ ಹಾಗೆ ಓಡುತ್ತಿದ್ದ ಅವರ ದನಿ ಒಂದು ಕಡೆ ಕುಂಟಿತು. ಅಲ್ಲಿ ಇನ್ನೊಂದು ಸಲ ಓದಿ ಎಂದೆ. ಓದಿದರು, ಮತ್ತೆ ಅಲ್ಲೇ ಕುಂಟಿತು. ಆ ಮುದುಕಿ ಕೇಳದೇ ಇದ್ದ ಯಾವುದೋ ಇನ್ಶೂರೆನ್ಸು ಅಲ್ಲಿತ್ತು. ಮುರಿದುಕೊಂಡದ್ದನ್ನು ವಾಪಸು ಹಾಕಿದರು.

ನನ್ನ ವಿದ್ಯೆ ಇಷ್ಟೇ. ಓದುವವನ ದನಿ ಎಲ್ಲಿ ತಗ್ಗುತ್ತದೆ ನೋಡು, ಅಲ್ಲಿ ತೋಡು.

ಸುದ್ದಿ ನೆಂಟರಿಂದ ನೆಂಟರಿಗೆ ಹಬ್ಬಿತು. ಬೀಚನಹಳ್ಳಿಯಲ್ಲಿ ರೆಸಾರ್ಟಿನ ಬಟ್ಟೆ ಒಗೆಯುವವನೊಬ್ಬನ ಖಾತೆಯಿಂದ ಮೆಸೇಜು ಕಳಿಸಿದ್ದಕ್ಕೆಂದು ಚಾರ್ಜು ಮುರಿಯುತ್ತಿದ್ದರು. ಅವನ ಹತ್ತಿರ ಫೋನೇ ಇರಲಿಲ್ಲ. ಎನ್. ಬೇಗೂರಿನ ಒಬ್ಬಳ ಕೆಲಸಕ್ಕೆ ಹೋದಾಗ ಅಲ್ಲಿಯ ಮ್ಯಾನೇಜರು ಉತ್ತರದ ಕಡೆಯವನು, ಕನ್ನಡ ಒಂದಕ್ಷರ ಇಲ್ಲ. ಅವನು ಇಂಗ್ಲಿಷಿನಲ್ಲಿ ಓದಿದ, ಅಟೆಂಡರು ಅರ್ಧ ಮಲಯಾಳ ಬೆರೆಸಿ ಕನ್ನಡದಲ್ಲಿ ಹೇಳಿದ. ಆದರೂ ದನಿ ತಗ್ಗಬೇಕಾದ ಕಡೆ ಇಬ್ಬರದೂ ತಗ್ಗಿತು. ಕೆ.ಆರ್. ನಗರದಲ್ಲಿ ಒಬ್ಬ ಮ್ಯಾನೇಜರು, ಇದು ನಿಮ್ಮ ತಾಲ್ಲೂಕಲ್ಲವಲ್ಲ ಎಂದು ಕೇಳಿದರು. ಚಾರ್ಜು ಮುರಿಯುವಾಗ ನೀವು ತಾಲ್ಲೂಕು ನೋಡುತ್ತೀರಾ ಎಂದು ಕೇಳಿದೆ. ಕುರ್ಚಿ ಹಾಕಿಸಿದರು.

ಜಿಲ್ಲಾ ಪಂಚಾಯಿತಿಗೆ ನಿಂತಾಗ ಸೋತೆ. ಎದುರಾಳಿ ಕಡೆಯವರು ಹೆಬ್ಬೆಟ್ಟು ಮೆಂಬರು ಎಂದು ಆಡಿಕೊಂಡಿದ್ದರು. ನಾನು ಹಟಕ್ಕೆ ಮೈಕು ಹಿಡಿದು, ನಾಲ್ಕು ತಾಲ್ಲೂಕಿನ ಬ್ಯಾಂಕಿನ ಕಾಗದ ಓದಿದವಳು ನಾನು ಎಂದು ಕೂಗಿದ್ದೆ. ಸೋತರೂ ಜನ ಮೆಂಬ್ರಮ್ಮ ಎನ್ನುವುದನ್ನು ಬಿಡಲಿಲ್ಲ. ನಾನು ಬ್ಯಾಂಕಿಗೆ ಹೋಗುವುದನ್ನೂ ಬಿಡಲಿಲ್ಲ.

ಇನ್ನು ಹನ್ನೊಂದು ಚುಕ್ಕಿಯ ವಿಷಯ. ರಸ್ತೆ ಅಗಲ ಮಾಡುವಾಗ ಅವಳ ಮನೆ ಹೋಯಿತು. ಪರಿಹಾರ ಬಂತು. ಅವಳು ಒಂದು ಕೋಣೆಯ ಬಾಡಿಗೆ ಮನೆಗೆ ಹೋದಳು. ಅದೇ ಬೀದಿಯಲ್ಲಿ ಅವಳ ಭಾವನ ಮಗನದು ಎರಡು ಅಂಕಣದ ಹೆಂಚಿನ ಮನೆ ಇತ್ತು. ಮಾರುವವನಿದ್ದ, ಆದರೆ ಅಣ್ಣತಮ್ಮಂದಿರಲ್ಲಿ ಭಾಗದ ಪತ್ರ ಆಗಬೇಕಿತ್ತು. ಅಲ್ಲಿಯವರೆಗೆ ದುಡ್ಡು ಬ್ಯಾಂಕಿನಲ್ಲಿ ಡಿಪಾಸಿಟ್ಟು ಇರಲಿ ಎಂದು ಇಬ್ಬರೂ ಪಿರಿಯಾಪಟ್ಟಣಕ್ಕೆ ಹೋದೆವು.

ಆ ದಿನ ನಾನೂ ಅಲ್ಲೇ ಇದ್ದೆ. ಇದನ್ನು ಮುಚ್ಚಿಡುವುದಿಲ್ಲ. ಹೊಸದಾಗಿ ಬಂದಿದ್ದ ಆಫೀಸರು ಹುಡುಗಿ ನಮ್ಮನ್ನು ಒಳಗೆ ಕರೆದು ಕೂರಿಸಿದಳು, ಫ್ಯಾನು ನಮ್ಮ ಕಡೆ ತಿರುಗಿಸಿದಳು. ಡಿಪಾಸಿಟ್ಟಿಗಿಂತ ಚೆನ್ನಾಗಿರುವುದು ಒಂದಿದೆ ಅಕ್ಕ ಎಂದಳು. ಗೆಳತಿ ಸಹಿಗೆ ಚುಕ್ಕಿ ಇಡಲು ಶುರು ಮಾಡಿದಾಗ, ಎಷ್ಟು ಚೆನ್ನಾಗಿ ಹಾಕುತ್ತಾರೆ, ನೀವು ಕಲಿಸಿದ್ದಾ ಎಂದು ನನ್ನನ್ನು ಕೇಳಿದಳು. ನಾನು ಉಬ್ಬಿಹೋದೆ. ಕೈ ಅಲ್ಲಾಡಿಸದೆ ಹಾಕು ಎಂದು ಗೆಳತಿಗೆ ಹೇಳಿದೆ. ಆ ಒಂದು ದಿನ ಮಾತ್ರ ನಾನು ಕನ್ನಡಕ ಮರೆಯಲಿಲ್ಲ. ಓದಿ ಹೇಳಿ ಎಂದು ಕೇಳಲಿಲ್ಲ.

ವರ್ಷ ತುಂಬಿತು. ಭಾವನ ಮಗನ ಪತ್ರ ಸರಿಯಾಯಿತು. ದುಡ್ಡು ತೆಗೆಯಲು ಹೋದರೆ ಡಿಪಾಸಿಟ್ಟೇ ಇರಲಿಲ್ಲ. ಅದು ಇನ್ಶೂರೆನ್ಸು ಪಾಲಿಸಿಯಂತೆ. ಅಷ್ಟೇ ದುಡ್ಡನ್ನು ಪ್ರತಿ ವರ್ಷ ಕಟ್ಟಬೇಕಂತೆ, ಕಟ್ಟದಿದ್ದರೆ ಹಾಕಿದ್ದರಲ್ಲಿ ಸಿಗುವುದು ಚೂರುಪಾರಂತೆ. ಬಿಸಿಯೂಟದ ಸಂಬಳದವಳು ವರ್ಷಕ್ಕೊಂದು ಮನೆಯ ದುಡ್ಡು ಎಲ್ಲಿಂದ ಕಟ್ಟುತ್ತಾಳೆ. ಆ ಹುಡುಗಿಗೆ ಅಷ್ಟರಲ್ಲಿ ವರ್ಗವಾಗಿತ್ತು.

ನಾನು ಮ್ಯಾನೇಜರ ಮುಂದೆ ಕೂತು ಅದೇ ಹಳೆ ರಾಗ ತೆಗೆದೆ. ಕನ್ನಡಕ ಮರೆತೆ, ಓದಿ ಹೇಳಿ ಎಂದೆ. ಆತ ವಯಸ್ಸಾದವರು, ಕೆಟ್ಟವರಲ್ಲ. ಕಾಗದ ಮಡಚಿಟ್ಟು ಹೇಳಿದರು.

"ನೋಡಮ್ಮ, ಇವರದು ಹೆಬ್ಬೆಟ್ಟಾಗಿದ್ರೆ ನಾವು ಓದಿ ಹೇಳಿ, ತಿಳಿಸಿದೀವಿ ಅಂತ ಬರೆದು, ಸಾಕ್ಷಿ ಹಾಕಿಸ್ಕೋಬೇಕಿತ್ತು. ಸಹಿ ಹಾಕಿದಾರೆ. ಸಹಿ ಹಾಕಿದೋರು ಓದಿ ಹಾಕಿದಾರೆ ಅಂತ್ಲೇ ಲೆಕ್ಕ."

ಹೊಲದಲ್ಲಿ ಹಾವು ತುಳಿದ ಹಾಗಾಯಿತು. ಹೆಬ್ಬೆಟ್ಟಿಗೆ ಒಂದು ಬೇಲಿ ಇತ್ತು. ಆ ಬೇಲಿಯನ್ನು ಮನೆಮನೆಗೂ ಹೋಗಿ ಕಿತ್ತು ಬಂದವಳು ನಾನು. ಓದು ಕಲಿಸಲಿಲ್ಲ, ಸಹಿ ಕಲಿಸಿದೆ. ವಿಚಾರಿಸಿ ನೋಡಿದರೆ ಸಂಘದ ಇನ್ನೂ ಆರು ಜನರಿಗೆ ಅದೇ ಪಾಲಿಸಿ ಅಂಟಿಸಿದ್ದರು, ಚಿಕ್ಕ ಚಿಕ್ಕದು. ಎಲ್ಲರದೂ ಅಂದವಾದ ಸಹಿ.

ಭಾವನ ಮಗ ಒಳ್ಳೆಯವನೇ, ಆದರೆ ಅವನಿಗೂ ಸಂಸಾರ ಇತ್ತು. ಎರಡು ಯುಗಾದಿ ಕಾಯುತ್ತೇನೆ ಚಿಕ್ಕಮ್ಮ, ಆಮೇಲೆ ಹೊಗೆಸೊಪ್ಪಿನ ದಲ್ಲಾಳಿಗೆ ಕೊಟ್ಟುಬಿಡುತ್ತೇನೆ ಎಂದ. ಗೋಡೌನು ಮಾಡಲು ದಲ್ಲಾಳಿ ಆಗಲೇ ಬಂದು ಅಳತೆ ಹಿಡಿದು ಹೋಗಿದ್ದ.

ಹುಣಸೂರಿನಲ್ಲಿ ಒಬ್ಬ ವಕೀಲರು ಗೊತ್ತಿದ್ದರು. ಹಿಂದೆ ನಾಲ್ಕಾರು ಕೇಸಿಗೆ ಅರ್ಜಿ ಬರೆದುಕೊಟ್ಟವರು. ಅವರು ಮೈಸೂರಿನ ಗ್ರಾಹಕರ ಕೋರ್ಟಿಗೆ ಹಾಕಿದರು. ಅಲ್ಲಿಂದ ಓಡಾಟ ಶುರುವಾಯಿತು. ಹೆಂಗಸರಿಗೆ ಬಸ್ಸು ಫ್ರೀ ಆಗಿದ್ದು ನಮ್ಮ ಪುಣ್ಯ. ಕೆಲವು ದಿನ ಬ್ಯಾಂಕಿನ ವಕೀಲ ಬರುತ್ತಿರಲಿಲ್ಲ, ಕೆಲವು ದಿನ ನಮ್ಮ ಫೈಲು ಬರುತ್ತಿರಲಿಲ್ಲ. ಒಂದು ಯುಗಾದಿ ಹಾಗೇ ಹೋಯಿತು. ಗೆಳತಿ ಬುತ್ತಿಗೆ ರೊಟ್ಟಿ ತರುತ್ತಿದ್ದಳು, ನಾನು ಚಟ್ನಿ ತರುತ್ತಿದ್ದೆ. ಕೋರ್ಟಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆವು. ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಅವಳಿಗೆ ಓದು ಬರುವುದಿಲ್ಲ ಎನ್ನುವುದಕ್ಕೆ ನಮ್ಮ ವಕೀಲರು ನನ್ನನ್ನೇ ಸಾಕ್ಷಿ ಹಾಕಿದ್ದರು. ಓದು ಕಲಿತ ಹೆಂಗಸಿನ ಸಾಕ್ಷಿ, ಜನಪ್ರತಿನಿಧಿಯ ಸಾಕ್ಷಿ, ತೂಕ ಇರುತ್ತದೆ ಎಂದರು. ನನಗೂ ಬರುವುದಿಲ್ಲ ಎಂದು ಅವರಿಗೂ ಹೇಳಿರಲಿಲ್ಲ.

ಆ ದಿನ ಬ್ಯಾಂಕಿನ ವಕೀಲ ಮೊದಲು ನನ್ನ ಹೆಸರು ಕೇಳಿದ, ಎಷ್ಟು ವರ್ಷ ಮೆಂಬರಾಗಿದ್ದಿರಿ ಎಂದು ಕೇಳಿದ. ಆಮೇಲೆ ಫೈಲಿನಿಂದ ನನ್ನ ಚುನಾವಣೆಯ ಪಾಂಪ್ಲೆಟ್ಟು ತೆಗೆದ. ಬೋರ್ಡು ಹಿಡಿದು ನಿಂತ ಫೋಟೋ. ಅದರಲ್ಲಿ ನನ್ನ ಹಿಂದೆ ಗೆಳತಿಯೂ ಇದ್ದಳು, ತಲೆ ತುಂಬ ಹೂ ಮುಡಿದುಕೊಂಡು.

"ಇದು ನೀವೇ ಅಲ್ವೇನಮ್ಮ?" ಎಂದ.

ನಾನೇ ಎಂದೆ.

"ಆ ಬೋರ್ಡಿನಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ."

ಅವನ ಉಪಾಯ ನನಗೆ ಅರ್ಥವಾಯಿತು. ಓದಿದರೆ ಸಂಘದವರೆಲ್ಲ ಓದು ಬಲ್ಲವರು ಎಂದು ನಾನೇ ಒಪ್ಪಿದ ಹಾಗೆ. ಅಲ್ಲಿಗೆ ಗೆಳತಿಯ ಮನೆ ಹೋಯಿತು. ಕನ್ನಡಕ ಮರೆತು ಬಂದೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂತು. ಇಪ್ಪತ್ತು ವರ್ಷದ ಅಭ್ಯಾಸ, ಬಾರದೆ ಇರುತ್ತದೆಯೇ. ಹಿಂದಿನ ಬೆಂಚಿನಲ್ಲಿ ನಮ್ಮ ಕಡೆಯ ಇಬ್ಬರು ಕೂತಿದ್ದರು. ಬೇರೆ ಯಾವುದೋ ಕೇಸಿಗೆ ಬಂದವರು. ಒಬ್ಬ ನನ್ನ ಎದುರಾಳಿಯ ಪಕ್ಷದವನು. ಇಲ್ಲಿ ಆಡಿದ ಮಾತು ಸಂಜೆ ಬೆಟ್ಟದಪುರದ ಟೀ ಅಂಗಡಿಯಲ್ಲಿರುತ್ತದೆ ಎಂದು ಗೊತ್ತಿತ್ತು. ಗೆಳತಿಯ ಕಡೆ ನೋಡಿದೆ. ಅವಳು ರೊಟ್ಟಿಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ನಂಗೆ ಓದಕ್ಕೆ ಬರಕಿಲ್ಲ ಸ್ವಾಮಿ," ಎಂದೆ. "ಇವಳ್ಗೂ ಬರಕಿಲ್ಲ. ನಮ್ ಸಂಘದಲ್ಲಿ ಯಾರ್ಗೂ ಬರಕಿಲ್ಲ. ರಂಗೋಲಿ ಏಳ್ಕೊಟ್ಟಂಗೆ ಎಸ್ರು ಏಳ್ಕೊಟ್ಟೋಳು ನಾನೇ. ಆ ಬೋರ್ಡು ಸುಳ್ಳು. ಅದ ಇಡ್ಕೊಂಡು ಓಟು ಕೇಳಿದ್ದೂ ನಾನೇ."

ನಮ್ಮ ವಕೀಲರು ತಲೆ ಮೇಲೆ ಕೈ ಇಟ್ಟುಕೊಂಡರು. ಬ್ಯಾಂಕಿನ ವಕೀಲ, ಕೇಸಿಗೋಸ್ಕರ ಈಗ ಹೀಗೆ ಹೇಳುತ್ತಿದ್ದಾರೆ ಎಂದ. ಪೀಠದ ನಡುವೆ ಕೂತಿದ್ದ ಅಮ್ಮ ಅವನನ್ನು ಸುಮ್ಮನಿರಿಸಿ, ರಂಗೋಲಿ ಎಂದರೇನು, ಬಿಡಿಸಿ ಹೇಳಿ ಎಂದು ನನ್ನನ್ನು ಕೇಳಿದರು. ಹೇಳಿದೆ. ಗೆಳತಿಯನ್ನು ಹತ್ತಿರ ಕರೆದು ಬಿಳಿ ಕಾಗದ ಕೊಟ್ಟು ಸಹಿ ಹಾಕಿ ತೋರಿಸಿ ಎಂದರು.

ಗೆಳತಿ ಚೀಲವನ್ನು ನನ್ನ ಕೈಗೆ ಕೊಟ್ಟು, ಪೆನ್ನು ಹಿಡಿದು, ಹನ್ನೊಂದು ಚುಕ್ಕಿ ಇಟ್ಟಳು. ಆಮೇಲೆ ಬಲಗಡೆಯ ತುದಿಯಿಂದ ಎಳೆ ಶುರು ಮಾಡಿ ಎಡಕ್ಕೆ ಬಂದಳು. ಅವಳು ಮೊದಲಿನಿಂದಲೂ ಹಾಗೆಯೇ, ಅವಳ ಬಾಗಿಲ ರಂಗೋಲಿಯೂ ಬಲದಿಂದಲೇ. ಇದರಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರ ಯಾವುದು, ಬೆರಳಿಟ್ಟು ತೋರಿಸಿ ಎಂದು ಆ ಅಮ್ಮ ಕೇಳಿದರು.

"ಅದ್ಯಾವ್ದೋ ಕಣವ್ವ," ಎಂದಳು ಗೆಳತಿ. "ನಾನು ಬಾಲದಿಂದ ಬರೋಳು. ಒಂದ್ ಚುಕ್ಕಿ ತಪ್ಪುದ್ರೂ ಮತ್ತೆ ಮೊದ್ಲಿಂದ."

ಆ ಅಮ್ಮ ನಗಲಿಲ್ಲ. ಬ್ಯಾಂಕಿನವರ ಹತ್ತಿರ ಇರುವ ಪಾಲಿಸಿಯ ಅಸಲು ಕಾಗದ ಕೊಡಿ ಎಂದರು. ವಕೀಲ ಕೊಟ್ಟ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಪಕ್ಕದವರಿಗೂ ತೋರಿಸಿದರು. ಪೆನ್ನಿನ ತುದಿಯಿಂದ ಎಣಿಸಿದರು. ಎಳೆಯ ಕೆಳಗೆ ಚುಕ್ಕಿಗಳು ಹಾಗೇ ಕಾಣುತ್ತಿದ್ದವು. ಹನ್ನೊಂದು. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಓದಿ ಅರ್ಥ ಮಾಡಿಕೊಂಡಿದ್ದೇನೆ ಎನ್ನುವ ಸಾಲೂ ಇಂಗ್ಲಿಷಿನಲ್ಲೇ ಇತ್ತಂತೆ. ಇವರಿಗೆ ಕನ್ನಡದಲ್ಲಿ ಓದಿ ಹೇಳಿದವರು ಯಾರು ಎಂದು ಕೇಳಿದರು. ಬ್ಯಾಂಕಿನ ವಕೀಲ ಉತ್ತರ ಕೊಟ್ಟ. ನನಗೆ ಅವನ ಮಾತು ಪೂರ್ತಿ ಅರ್ಥವಾಗಲಿಲ್ಲ, ಆದರೆ ದನಿ ಎಲ್ಲಿ ತಗ್ಗಿತು ಎನ್ನುವುದು ಗೊತ್ತಾಯಿತು.

ಹೊರಗೆ ಬಂದೆವು. ಎದೆಯ ಮೇಲಿನ ಒರಳುಕಲ್ಲು ಯಾರೋ ಎತ್ತಿಟ್ಟ ಹಾಗಿತ್ತು. ತೀರ್ಪು ಇನ್ನೂ ಬಂದಿರಲಿಲ್ಲ, ಆದರೂ ಹಾಗಿತ್ತು. ಬಸ್ಸು ಹುಣಸೂರು ದಾಟಿತು. ಗೆಳತಿ ನನ್ನ ಕಡೆ ತಿರುಗಿದಳು.

"ಅಲ್ಲಕ್ಕಯ್ಯ, ಇಪ್ಪತ್ ವರ್ಸದಿಂದ ನನ್ ಪಾಸ್‌ಬುಕ್ಕು ಓದಿ ಏಳ್ತಿದ್ದೆಯಲ್ಲ. ಏನ್ ಓದ್ತಿದ್ದೆ?"

"ಅಂಕಿ ಬತ್ತದೆ ಕಣಮ್ಮಿ. ಬಸ್ ನಂಬರ್ ನೋಡಿ ಕಲ್ತಿದ್ದೆ. ಮಿಕ್ಕಿದ್ದು ಅಂದಾಜು."

"ಅಂದಾಜಾ?"

"ಅಂದಾಜು ಕಣೆ."

ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ನನಗೂ ತಡೆಯಲಾಗಲಿಲ್ಲ. ಕಂಡಕ್ಟರು ಬಂದು, ಏನಜ್ಜಿ ಫ್ರೀ ಬಸ್ಸು ಅಂತ ಇಷ್ಟೊಂದು ಖುಷಿನಾ ಎಂದ. ಹೂಂ ಕಣಪ್ಪ ಎಂದೆ. ಅವಳು ಮನೆ ಮುಟ್ಟುವವರೆಗೂ ನನ್ನನ್ನು ಬೈದಳು. ಒಂದೂವರೆ ವರ್ಷದ ಬೈಗುಳ ಕೂಡಿಟ್ಟಿದ್ದಳು. ಹಾಯಾಗಿ ಕೇಳಿಸಿಕೊಂಡೆ.

ಟೀ ಅಂಗಡಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಎದುರಾಳಿ ಕಡೆಯವನೊಬ್ಬ, ಏನ್ ಮೆಂಬ್ರಮ್ಮ, ಕನ್ನಡ್ಕ ಸಿಕ್ತಾ ಎಂದ. ಸಿಕ್ತು ಕಣ್ಲಾ, ನಿಮ್ಮಪ್ಪನ ಮನೇಲಿ ಬಿಟ್ಟಿದ್ದೆ ಎಂದೆ. ಅಲ್ಲಿಗೆ ಮುಗಿಯಿತು. ಆ ಮಾತಿಗೆ ಹೆದರಿ ಇಪ್ಪತ್ತು ವರ್ಷ ಕಳೆದಿದ್ದೆ. ಬಂದು ನೋಡಿದರೆ ಅದು ಇಷ್ಟೇ ಇತ್ತು, ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು.

ಎರಡನೇ ಯುಗಾದಿಗೆ ಎರಡು ತಿಂಗಳಿರುವಾಗ ತೀರ್ಪು ಬಂತು. ಹಾಕಿದ ದುಡ್ಡು ಪೂರ್ತಿ, ಮೇಲೆ ಬಡ್ಡಿ, ಮೇಲೆ ಅಲೆದಾಡಿಸಿದ್ದಕ್ಕೆ ಒಂದಿಷ್ಟು. ಬ್ಯಾಂಕಿನವರು ಮೇಲಿನ ಕೋರ್ಟಿಗೆ ಹೋಗುತ್ತಾರೆಂದು ಹೆದರಿ ದಿನ ಎಣಿಸಿದೆವು. ಹೋಗಲಿಲ್ಲ. ಉಳಿದ ಆರು ಜನರನ್ನು ಬ್ಯಾಂಕಿನವರೇ ಕರೆದು ವಾಪಸು ಕೊಟ್ಟರು. ಆ ಆರು ಜನವೂ ತೆಗೆದುಕೊಳ್ಳುವಾಗ ಓದಿ ಹೇಳಿ ಎಂದರಂತೆ. ಕನ್ನಡಕದ ಮಾತು ಯಾರೂ ಎತ್ತಲಿಲ್ಲ.

ಬೋರ್ಡನ್ನು ಸಂಘದ ಕಟ್ಟಡದಿಂದ ನಾನೇ ಇಳಿಸಿದೆ. ಗಟ್ಟಿ ತಗಡು, ಎಸೆಯಲು ಮನಸ್ಸಾಗಲಿಲ್ಲ. ಕೋಳಿಗೂಡಿಗೆ ಬಾಗಿಲು ಮಾಡಿಸಿದೆ. ನಿವೃತ್ತಿಯಾದ ಅದೇ ಹಳೆಯ ಮೇಷ್ಟರು ಈಗ ವಾರಕ್ಕೆ ಮೂರು ದಿನ ನಮಗೆ ಓದು ಕಲಿಸುತ್ತಾರೆ. ಹೆಸರು ಬರೆದುಕೊಟ್ಟ ದಿನವೇ ಕೇಳಿದ್ದರೆ ಕಲಿಸುತ್ತಿದ್ದೆನಲ್ಲ ಎಂದು ಗೊಣಗುತ್ತಾರೆ. ನಿಜ, ಕಲಿಸುತ್ತಿದ್ದರು. ಕೇಳಲು ನನಗೆ ನಾಚಿಕೆಯಾಗಿತ್ತು. ಒತ್ತಕ್ಷರ ಈಗಲೂ ನನಗೆ ಆಗಿ ಬರುವುದಿಲ್ಲ. ನಾನು ಬರೆದ ಈ ಕಥೆಯಲ್ಲಿಯ ತಪ್ಪು ತಿದ್ದಿದವರು ಅವರೇ. ಈಚೆಗೆ ಕಣ್ಣಿನ ಕ್ಯಾಂಪಿನಲ್ಲಿ ನನಗೆ ನಿಜವಾಗಿಯೂ ಕನ್ನಡಕ ಕೊಟ್ಟಿದ್ದಾರೆ. ಅದನ್ನು ನಿಜವಾಗಿಯೂ ಮರೆಯುತ್ತೇನೆ.

ಆ ಎರಡನೇ ಯುಗಾದಿಗೆ ಎಂಟು ದಿನ ಇದ್ದಾಗ ಪಿರಿಯಾಪಟ್ಟಣದ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಭಾವನ ಮಗ ಬಂದ, ಅವನ ಅಣ್ಣತಮ್ಮಂದಿರು ಬಂದರು. ಪತ್ರ ಬರೆಯುವವನು ಕಾಗದ ಮುಂದಿಟ್ಟು, ಇಲ್ಲಿ ಸಹಿ ಹಾಕಿ ಅಜ್ಜಿ ಎಂದು ಗೆಳತಿಗೆ ಪೆನ್ನು ಕೊಟ್ಟ. ಅವಳು ಪೆನ್ನು ಮುಟ್ಟಲಿಲ್ಲ.

"ನಂಗೆ ಓದಕ್ಕೆ ಇನ್ನೂ ಸರ್ಯಾಗಿ ಬರಕಿಲ್ಲ ಕಣಪ್ಪ," ಎಂದಳು. "ನೀನು ಮೊದ್ಲಿಂದ ಕೊನೇಗಂಟ ಓದು. ಎಬ್ಬೆಟ್ಟು ಒತ್ತೀನಿ."

ನಮ್ಮ ಹಿಂದೆ ಜನ ಕಾಯುತ್ತಿದ್ದರು, ಗೊಣಗಿದರು. ಅವಳು ತಿರುಗಿಯೂ ನೋಡಲಿಲ್ಲ. ಪತ್ರದವನು ನಿಟ್ಟುಸಿರು ಬಿಟ್ಟು ಓದಲು ಶುರು ಮಾಡಿದ. ಮಾರುವವರ ಹೆಸರು, ಕೊಳ್ಳುವವಳ ಹೆಸರು, ಅವರ ತಂದೆಯ ಹೆಸರು, ಗಂಡನ ಹೆಸರು. ಗೆಳತಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಚೆಕ್ಕುಬಂದಿ ಬಂತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಎನ್ನುವಾಗ ಅವನ ದನಿ ತಗ್ಗಿತು.

"ಅಲ್ಲಿ ಇನ್ನೊಂದ್ ಸಲ ಓದು," ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಅವನು ಗಾಬರಿಯಾಗಿ ತಲೆ ಎತ್ತಿದ. ಮತ್ತೆ ಓದಿದ. ಉತ್ತರಕ್ಕೆ ಪಕ್ಕದ ಮನೆಯ ಗೋಡೆ. ಸರಿಯಾಗಿಯೇ ಇತ್ತು. ಆಕಳಿಕೆ ಬಂತು ಅಜ್ಜಿ, ಬೆಳಗ್ಗೆಯಿಂದ ಟೀ ಕುಡಿದಿಲ್ಲ ಎಂದು ಹೇಳಿ ಉಳಿದದ್ದನ್ನೂ ಓದಿ ಮುಗಿಸಿದ.

ಗೆಳತಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಪತ್ರದವನನ್ನೂ ಕರೆದುಕೊಂಡು ಹೋಗಿ ಟೀ ಕುಡಿಸಿದಳು. ಪಾಪ, ಆರು ಪುಟ ಓದಿದ್ದ.